ಗುಂಡಿ ಕಡಿಮೆಯಿದ್ದ ಮಿಕ್ಸರು

“ಇದು ಆಗು ಮಾತಲ್ಲ” ಎಂದವರು ನಮ್ಮ ಶಿವಶರಣಪ್ಪ ಕಾಕಾ. ಹೆಸರು ಹಿಡಿದೇ ಬರೆಯುತ್ತೇನೆ. ನಮ್ಮೂರು ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಜನರ ಮುಂದೆ ಅವರೂ ನನ್ನ ಹೆಸರು ಹಿಡಿದೇ ಹೇಳಿದ್ದರು. ಇಂದು ಬೆಳಿಗ್ಗೆ ಅಂಗಡಿಯಲ್ಲಿ ಮೈಕ್ ಸೆಟ್ಟಿನ ಹಳೆಯ ಡಿಜಿಟಲ್ ಮಿಕ್ಸರಿನ ಹೊದಿಕೆ ತೆಗೆದು ಚಾಲೂ ಮಾಡಿದೆ. ಕಾದ ದೂಳಿನ ವಾಸನೆ ಬಂತು. ಆ ವಾಸನೆಗೆ ಕಾಕಾನ ಮಾತು ಅಂಟಿಕೊಂಡೇ ಬರುತ್ತದೆ, ಏನು ಮಾಡಲಿ?

ನಮ್ಮದು ಮೈಕ್ ಸೆಟ್ಟಿನ ಮನೆ. ಅಪ್ಪ ಶುರು ಮಾಡಿದ್ದು. ಅವರು ತೀರಿದ ಮೇಲೆ ಅವರ ತಮ್ಮ, ನಮ್ಮ ಕಾಕಾ ನಡೆಸಿದರು. ಮದುವೆಯಿರಲಿ, ಪುರಾಣವಿರಲಿ, ಚುನಾವಣೆಯಿರಲಿ, ಊರಲ್ಲಿ ಕೂಗುತ್ತಿದ್ದುದು ನಮ್ಮ ಹಾರ್ನೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ದಿನವೂ ಬಸ್ಸಿನಲ್ಲಿ ಕಲಬುರಗಿಗೆ. ಕಪನೂರದಲ್ಲಿ ಕಾರ್ಖಾನೆಯವರು ಇಳಿದರೆ ಸೀಟು, ಅಲ್ಲಿಯ ತನಕ ಕಂಬಿ. ಎಲೆಕ್ಟ್ರಾನಿಕ್ಸ್ ಪುಸ್ತಕಗಳನ್ನು ಹೆಚ್ಚಿನ ಪಾಲು ನಿಂತೇ ಓದಿದ್ದೇನೆ. ಅದಕ್ಕೇ ಇರಬೇಕು, ಇವತ್ತಿಗೂ ನನಗೆ ಕೂತು ವಾದ ಮಾಡಲು ಬರುವುದಿಲ್ಲ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ನನ್ನ ಕೊನೆಯ ಪರೀಕ್ಷೆಯೂ ಮುಗಿದಿತ್ತು. ನಮ್ಮ ಹಳೆಯ ಮಿಕ್ಸರು ಕರಕರ ಎನ್ನತೊಡಗಿದಾಗ, ಈ ಸಲ ಡಿಜಿಟಲ್ ತರೋಣ ಎಂದೆ.

“ಅದರಾಗ ಗುಂಡಿನೇ ಇರಂಗಿಲ್ಲ! ಮಂದಿ ಗುಂಡಿ ನೋಡಿ ಸೆಟ್ ಹೇಳ್ತಾರ, ತಿಳೀತೇನು?” ಎಂದರು ಕಾಕಾ.

ಸುಳ್ಳಲ್ಲ. ನಮ್ಮ ಕಡೆ ಮೈಕ್ ಸೆಟ್ ಹೇಳಲು, ಅಂದರೆ ಗೊತ್ತುಮಾಡಲು ಬಂದವರು ಮೊದಲು ಮಿಕ್ಸರಿನ ಮುಂದೆ ನಿಲ್ಲುತ್ತಿದ್ದರು. ಗುಂಡಿ ಹೆಚ್ಚಿದ್ದಷ್ಟೂ ಮರ್ಯಾದೆ ಹೆಚ್ಚು. ಕೆಟ್ಟುಹೋದ ಚಾನೆಲ್ಲಿನ ಗುಂಡಿಗಳನ್ನೂ ಕಾಕಾ ಕೀಳದೆ, ಎಣ್ಣೆ ಹಚ್ಚಿ ಮಿಂಚಿಸಿ ಇಟ್ಟಿದ್ದರು.

ನಾನು ಬಿಡಲಿಲ್ಲ. ಕಡೆಗೆ ಬಸ್ ಸ್ಟ್ಯಾಂಡಿನಲ್ಲಿ ಜನರ ಮುಂದೆಯೇ ಕಾಕಾ ಷರತ್ತು ಹಾಕಿದರು.

“ನಿಮ್ಮ ಕಾಲೇಜಿನ ಪದವಿ ಕಾರ್ಯಕ್ರಮಕ್ಕ ನಮ್ಮದೇ ಸೆಟ್ ಅದ. ಅಲ್ಲಿ ನಿನ್ನ ಮಿಕ್ಸರ್ ನಡಸು. ಕೈ ಕೊಡ್ತಂದ್ರ ಅದು ವಾಪಸ್, ನೀ ಮತ್ತ ವೈರ್ ಸುದ್ದಾ ಮುಟ್ಟಂಗಿಲ್ಲ. ಹೆಣ್ಣುಡುಗಿ ಮೈಕ್ ಸೆಟ್ ನಡಸೂದು ಆಗು ಮಾತಲ್ಲ.”

“ಕೈ ಕೊಡಲಿಲ್ಲಂದ್ರ ಸೆಟ್ ನಾ ನಡಸ್ತೀನಿ.”

ಕಾಕಾ ನಕ್ಕರು. ಆ ನಗು ನನಗೆ ಇನ್ನೂ ಹಿಡಿಸಿಲ್ಲ.

ಕಲಬುರಗಿಯ ನೆಹರು ಗಂಜ್ ಹತ್ತಿರದ ಅಂಗಡಿಯಲ್ಲಿ ನನ್ನ ಮತ್ತು ಕಾಕಾನ ಮುಂದೆ ಎರಡು ಮಿಕ್ಸರುಗಳನ್ನು ಇಟ್ಟರು. ಒಂದಕ್ಕೆ ದೊಡ್ಡ ಪರದೆ, ಬಣ್ಣಬಣ್ಣದ ಗೆರೆ. ಇನ್ನೊಂದಕ್ಕೆ ಅಂಗೈಯಷ್ಟು ಪರದೆ, ಅದರಡಿ ದನಿ ಏರಿಸಿ ಇಳಿಸಲು ಮೇಲೆ-ಕೆಳಗೆ ಸರಿಸುವ ಫೇಡರುಗಳ ಒಂದೇ ಸಾಲು. ಅಂಗಡಿಯ ಭಾಯಿ ದೊಡ್ಡದನ್ನು ಹೊಗಳುತ್ತಲೇ ಇದ್ದರು. ನಾನು ಎರಡರಲ್ಲೂ ಮೈಕಿನ ಲೆವೆಲ್ ಇಟ್ಟು, ಬಗ್ಗಿ, ಗೋಡೆಯಿಂದ ಪ್ಲಗ್ ಎಳೆದೆ.

“ಅರೆ ಬೇಟಿ, ಕ್ಯಾ ಕರ್ರೀ ತೂ! ಹೊಸಾ ಮಾಲ್ ಅದ!”

“ಕರೆಂಟ್ ಹೋತು ಅಂತ ತಿಳೀರಿ, ಭಾಯಿ. ನಮ್ಮ ಕಡಿ ಹೋಗಲಾರದ ಫಂಕ್ಷನ್ ಯಾವುದದ?”

“ಇಷ್ಟು ವರ್ಷ ಓದಿ ಪ್ಲಗ್ ಕೀಳೂದು ಕಲ್ತಿ ನೋಡವ್ವಾ” ಎಂದರು ಕಾಕಾ.

ಮತ್ತೆ ಪ್ಲಗ್ ಹಾಕಿದೆ. ದೊಡ್ಡ ಪರದೆಯದು ಕಂಪನಿಯ ಹೆಸರು ತೋರಿಸುತ್ತ, ಕುದುರೆ ಇಳಿಯಲೊಲ್ಲದ ಮದುಮಗನಂತೆ ಕೂತೇ ಇತ್ತು. ಎದ್ದಾಗ ನಾನಿಟ್ಟಿದ್ದನ್ನೆಲ್ಲ ಮರೆತಿತ್ತು. ಚಿಕ್ಕದು ಬೇಗ ಎಚ್ಚರಾಯಿತು. ಅದರ ಫೇಡರುಗಳು ಒಮ್ಮೆ ಕೆಳಗಿಳಿದು, ತಾವಾಗಿಯೇ ಮೇಲೆ ಸರಿದು ನಾನಿಟ್ಟಿದ್ದ ಜಾಗದಲ್ಲೇ ನಿಂತವು. ಕಾಕಾ ಒಂದು ಹೆಜ್ಜೆ ಹಿಂದೆ ಸರಿದರು.

“ದೆವ್ವ ಹೊಕ್ಕದೇನು ಇದರಾಗ?”

“ಹೊಕ್ಕಿರ್ಲಿ. ಇದನ್ನೇ ಕಟ್ರಿ, ಭಾಯಿ.”

ಸಮಾರಂಭದ ದಿನ ಮುಖ್ಯ ಅತಿಥಿಗಳ ಭಾಷಣ ಕಾವೇರುತ್ತಿದ್ದಾಗಲೇ ಕರೆಂಟು ಹೋಯಿತು. ಯುಪಿಎಸ್ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ಅದಕ್ಕೆ ಹಚ್ಚಿದ್ದ ನನ್ನ ಪ್ಲಗ್ ಕಿತ್ತು, ಸೆಕೆಯಲ್ಲಿ ಅತಿಥಿಗಳು ಬೆವರಬಾರದೆಂದು ಕಾಕಾ ಟೇಬಲ್ ಫ್ಯಾನ್ ಹಚ್ಚಿದ್ದರು! ಹೊರಗೆ ಜನರೇಟರು ಗುಡುಗಿತು. ಬೆನ್ನ ಹಿಂದೆ ಕಾಕಾ “ಹೋತು, ಮಾನ ಹೋತು” ಎನ್ನುತ್ತಿದ್ದರು. ಮುಟ್ಟಿ ಮಾಡುವಂಥದ್ದು ಏನೂ ಇರಲಿಲ್ಲ. ನಾನು ಆರಿಸಿದ್ದು ಸರಿಯೋ ತಪ್ಪೋ, ಅಷ್ಟೇ.

ಪರದೆ ಬೆಳಗಿತು. ಫೇಡರುಗಳು ಎದ್ದವು. ಭಾಷಣವೂ ಮತ್ತೆ ಎದ್ದಿತು, ಸಭಿಕರ ದುರ್ದೈವಕ್ಕೆ.

ಆಮೇಲೆ ಪ್ರಮಾಣಪತ್ರಕ್ಕೆಂದು ನನ್ನ ಹೆಸರು ಕೂಗಿದರು. “ಏನೂ ಮುಟ್ಟಬ್ಯಾಡ್ರಿ ಕಾಕಾ” ಎಂದು ಅವರನ್ನು ನನ್ನ ಜಾಗದಲ್ಲಿ ಕೂರಿಸಿ ವೇದಿಕೆ ಹತ್ತಿದೆ. ಕಾಕಾ ಕೈಯಿಂದ ಏನೂ ಮುಟ್ಟಲಿಲ್ಲ, ಮಿಕ್ಸರಿನ ಮೇಲೆ ಮೊಣಕೈ ಊರಿದರು. ಆಪರೇಟರು ವೇದಿಕೆಯವರಿಗೆ ಏನಾದರೂ ಹೇಳಬೇಕಾದಾಗ ಒತ್ತುವ ಗುಂಡಿಯೊಂದು ಅಲ್ಲಿರುತ್ತದೆ; ಮೊಣಕೈ ಬಿದ್ದದ್ದು ಅದರ ಮೇಲೆಯೇ. ಅದನ್ನು ಒತ್ತಿದರೆ ಮಿಕ್ಸರಿನ ಬಳಿ ಆಡಿದ ಮಾತು ವೇದಿಕೆಯ ಮೇಲಿನ ಸ್ಪೀಕರಿನಲ್ಲಿ ಕೇಳುತ್ತದೆ. ಪ್ರಮಾಣಪತ್ರ ನನ್ನ ಕೈಗೆ ಬರುವ ಹೊತ್ತಿಗೆ ಕಾಲ ಬಳಿಯ ಸ್ಪೀಕರು ಗೊರಗೊರ ಎಂದಿತು. ಕಾಲೇಜಿನ ಜವಾನ ಕೇಳುತ್ತಿದ್ದ:

“ಮೈಕ್ ಸೆಟ್ಟಿನ ಮಾಲಕರು ನೀವೇನ್ರೀ?”

ಅತಿಥಿಗಳು ಪತ್ರ ಬಿಡದೆ ಹಾಗೇ ನಿಂತರು. ನಾನೂ ನಿಂತೆ. ಕಾಕಾ ಗಂಟಲು ಸರಿಮಾಡಿಕೊಂಡದ್ದೂ ಕೇಳಿಸಿತು.

“ನಾ ಅಲ್ಲಪಾ. ಅಗೋ, ಅಲ್ಲಿ ಸರ್ಟಿಫಿಕೇಟ್ ಇಸ್ಕೊಳ್ಳಾಕತ್ತಾಳಲ್ಲ, ಅಕಿ. ಅಕಿ ಬರೂತನಕ ನಾ ಬರೇ ಜಾಗಾ ಕಾಯಾಕತ್ತೀನಿ.”