ನನ್ನ ತಮ್ಮ ಮತ್ತು ‘ಸೆಟ್’ ಎಂಬ ಮಾತು

ಮೊನ್ನೆ ಕರೆಂಟು ಹೋಗಿ ರೊಟ್ಟಿ ಒತ್ತುವ ಯಂತ್ರ ನಿಂತುಬಿಟ್ಟಿತು. ಖಾನಾವಳಿಗೆ ಮಧ್ಯಾಹ್ನದೊಳಗೆ ರೊಟ್ಟಿ ಮುಟ್ಟಬೇಕಾಗಿತ್ತು. ಬಹಳ ದಿನಗಳ ಮೇಲೆ ನೆಲಕ್ಕೆ ಕುಳಿತು ಕೈಯಿಂದ ಬಡಿಯತೊಡಗಿದೆ. ಬಿಸಿನೀರು ಬಿದ್ದ ಜೋಳದ ಹಿಟ್ಟಿನ ಹಸಿ ವಾಸನೆ ಅಂಗೈಗೆ ಹತ್ತಿತು, ಪಟಪಟ ಸಪ್ಪಳ ಎದ್ದಿತು. ನನಗೆ ಅರಿವಿಲ್ಲದೆ ಹೊಸ್ತಿಲ ಕಡೆ ನೋಡಿದೆ. ಅಲ್ಲಿ ಕುಳಿತು ಪಾಠ ಒಪ್ಪಿಸುತ್ತಿದ್ದ ನನ್ನ ತಮ್ಮ ತೀರಿಕೊಂಡು ಎರಡು ವರ್ಷವಾಯಿತು…

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಅವ್ವ ಹೋದ ಮೇಲೆ ಒಲೆ ನನ್ನ ಪಾಲಿಗೆ ಬಂತು, ಓದು ಅವನ ಪಾಲಿಗೆ. ಅವನಿಗೆ ಇಂಗ್ಲಿಷ್ ಮಾಸ್ತರನಾಗುವ ಹುಚ್ಚು. ಆದರೆ ಮಾತು ತೊದಲುತ್ತಿತ್ತು. ‘ಸ’ ಬಂದರಂತೂ ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬಿಸಿ ನಿಂತುಬಿಡುತ್ತಿದ್ದ. ಓಣಿಯ ಹುಡುಗರು ಕೆಟ್ಟುನಿಂತ ಫಟಫಟಿಗೆ ಕಿಕ್ ಹೊಡೆದಂತೆ ಮಾಡಿ ನಗುತ್ತಿದ್ದರು. ಒಂದು ದಿನ ನಾನು ರೊಟ್ಟಿ ಬಡಿಯುವಾಗ ಅವನು ಗಟ್ಟಿಯಾಗಿ ಓದುತ್ತಿದ್ದ. ಒಂದೊಂದು ಬಡಿತಕ್ಕೆ ಒಂದೊಂದು ಪದ ಇಡುತ್ತ ಹೋದ, ಎಲ್ಲಿಯೂ ತಡೆಯಲಿಲ್ಲ. ನಾನು ರೊಟ್ಟಿ ಎತ್ತಿ ಹಂಚಿಗೆ ಹಾಕಿದೆ ನೋಡಿ, ಮಾತು ಸಿಕ್ಕಿಕೊಂಡಿತು.

“ನಿಲ್ಲಸಬ್ಯಾಡ ಅಕ್ಕಾ, ಬಡಿ,” ಅಂದ.

ಅಂದಿನಿಂದ ಹಿಟ್ಟು ಇಲ್ಲದಾಗಲೂ ಅವನ ಎದುರು ಮಣೆ ಬಡಿಯುತ್ತ ಕೂಡ್ರುತ್ತಿದ್ದೆ.

ಧಾರವಾಡದ ಒಂದು ಶಾಲೆಯವರು ಪಾಠ ಮಾಡಿ ತೋರಿಸಲು ಕರೆದರು. ಹಿಡಿಸಿದರೆ ಕೆಲಸ. ಅವನು ಆರಿಸಿಕೊಂಡದ್ದು ‘ಸೆಟ್’ ಎಂಬ ಒಂದೇ ಕ್ರಿಯಾಪದ. ಬೇರೆ ಏನೂ ಸಿಗಲಿಲ್ಲವೇನು ಎಂದು ಬೈದೆ. ಗಂಟಲಲ್ಲಿ ಸಿಕ್ಕುವುದನ್ನೇ ದಾಟಬೇಕು ಎಂದ.

ಇಷ್ಟು ಸಣ್ಣ ಮಾತು ಅವನ ನಿಘಂಟಿನಲ್ಲಿ ಪುಟದಿಂದ ಪುಟಕ್ಕೆ ಹಬ್ಬಿತ್ತು. ಇಂಗ್ಲಿಷರ ಹಳೆಯ ನುಡಿಯಲ್ಲಿ ‘ಸಿಟ್’ ಎಂದರೆ ಕೂಡ್ರು, ‘ಸೆಟ್’ ಎಂದರೆ ಕೂಡ್ರಿಸು, ಅಲ್ಲಿಂದ ಬೆಳೆದದ್ದಂತೆ. ಊಟಕ್ಕೆ ಅಣಿ ಮಾಡುವುದು, ಗಡಿಯಾರದ ಮುಳ್ಳನ್ನು ಸರಿಯಾಗಿ ನಿಲ್ಲಿಸುವುದು, ಮುರಿದ ಎಲುಬನ್ನು ಜಾಗಕ್ಕೆ ತರುವುದು ಎಲ್ಲವೂ ಸೆಟ್. ಗಾರೆ ಬಿಗಿಯುವುದೂ, ಹೊತ್ತು ಮುಳುಗುವುದೂ ಅದೇ. ಹೊತ್ತು ಎಲ್ಲಿ ಕೂಡ್ರುತ್ತದೆ ಎಂದು ಕೇಳಿದರೆ, ದಿನವೆಲ್ಲ ತಿರುಗಿದವನು ಸಂಜೆಗಾದರೂ ಕೂಡ್ರಬೇಡವೇ ಎಂದು ನಕ್ಕ. ಆದರೆ ನಾವು ಚಹಾದ ಸೆಟ್ಟು ಅನ್ನುತ್ತೇವಲ್ಲ, ಅದು ಬೇರೆ ಕುಲದ್ದು. ಒಬ್ಬನ ಹಿಂದೆ ನಡೆಯುವ ಗುಂಪು ಎಂಬರ್ಥದ ಲ್ಯಾಟಿನ್ ಮಾತು ಫ್ರೆಂಚರ ಮನೆ ಹಾಯ್ದು ಬಂದು ಇದರಲ್ಲಿ ಬೆರೆತುಹೋಗಿದೆ ಎಂದ.

“ನಮ್ಮ ಓಣ್ಯಾಗ ಇಬ್ಬರು ಬಸವ್ವ ಇಲ್ಲೇನೋ, ಹಂಗ,” ಅಂದೆ.

“ಇದನ್ನ ಪಾಠದಾಗ ಹೇಳತೇನಿ ತಗೋ,” ಅಂದ.

ಪಾಠದ ಹಿಂದಿನ ಸಂಜೆ ಅವನು ನನ್ನಿಂದ ಒಂದು ಕೆಲಸ ಬೇಡಿದ. ಮನೆಯವರು ಬಂದು ಕೂಡ್ರಲು ಹೆಡ್ ಮಾಸ್ತರರನ್ನು ಒಪ್ಪಿಸಿದ್ದನಂತೆ.

“ಹಿಂದಿನ ಬೆಂಚಿನ್ಯಾಗ ಕುಂತು ತೊಡಿ ಮ್ಯಾಲೆ ಕೈ ಆಡಸ್ತಿರು. ಸಪ್ಪಳ ಬ್ಯಾಡ. ನನಗ ಕಂಡ್ರ ಸಾಕು.”

ಹೂಂ ಅಂದೆ.

ಮರುದಿನ ಅವನು ಮುಂದೆ ಹೋದ. ನಾನು ಒಲೆ ಆರಿಸಿ, ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು, ಬಸ್ಸು ಹಿಡಿದು ಗೇಟಿನ ತನಕ ಹೋದೆ. ಒಳಗೆ ಇಬ್ಬರು ಟೀಚರುಗಳು ಇಂಗ್ಲಿಷಿನಲ್ಲಿ ಮಾತಾಡುತ್ತ ನಿಂತಿದ್ದರು. ಒಬ್ಬರು ನನ್ನನ್ನು ನೋಡಿ, ಅಡುಗೆಯವರು ಹಿಂದಿನ ಬಾಗಿಲಿನಿಂದ ಬರಬೇಕು ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಪಾಠ ಮಾಡಲು ಬಂದವನ ಅಕ್ಕ ನಾನು ಎಂದರೆ ಮುಗಿಯುತ್ತಿತ್ತು. ತಿರುಗಿ ಬಂದುಬಿಟ್ಟೆ.

ಅವನು ಮೊದಲ ಮಾತಿಗೇ ನಿಂತನಂತೆ. ಹುಡುಗರು ನಕ್ಕರಂತೆ. ಸಂಜೆ ಮನೆಗೆ ಬಂದವನಿಗೆ, ಖಾನಾವಳಿಯವರು ಅವಸರದ ರೊಟ್ಟಿ ಹೇಳಿದರು, ಬರಲಾಗಲಿಲ್ಲ ಎಂದು ಸುಳ್ಳು ಹೇಳಿದೆ. ಇರಲಿ ಬಿಡು ಅಂದ. ಮತ್ತೆ ಯಾವ ಶಾಲೆಗೂ ಹೋಗಲಿಲ್ಲ. ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಸಾಮಾನು ನೋಡಿಕೊಳ್ಳುತ್ತ ವಯಸ್ಸು ಕಳೆದ. ಅಲ್ಲಿ ಯಂತ್ರಗಳ ಗದ್ದಲ; ಯಾರೂ ಯಾರಿಗೂ ಹೆಚ್ಚು ಮಾತಾಡುವಂತಿರಲಿಲ್ಲ.

ಕೊನೆಯ ಬೇನೆಯಲ್ಲಿ ಆಸ್ಪತ್ರೆಯ ಮಂಚದ ಪಕ್ಕ ಕುಳಿತಿದ್ದಾಗ ಅವನು ತಾನಾಗಿ, ತಡೆತಡೆದು ಹೇಳಿದ.

“ಅಕ್ಕಾ… ಅವತ್ತ ನೀ ಗೇಟಿನ ತನಕಾ ಬಂದಿದ್ದಿ. ತಿರಗಿ ಹೋಗೂದನ್ನ ಕಿಟಕ್ಯಾಗಿಂದ ನೋಡಿದ್ನಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷ ನನ್ನ ಸುಳ್ಳನ್ನು ಹೊಟ್ಟೆಯಲ್ಲಿ ಹಾಕಿಕೊಂಡು ನಾನು ಬಡಿಸಿದ್ದನ್ನು ಉಂಡಿದ್ದ. ತಪ್ಪಾಯಿತು ಎನ್ನಬೇಕಿತ್ತು. ನಾನು ಚಾದರ ಸರಿಮಾಡಿದೆ, ನೀರು ಬೇಕೇನು ಎಂದು ಕೇಳಿದೆ…

ನಿನ್ನೆ ಧಾರವಾಡಕ್ಕೆ ಹೋಗಿದ್ದೆ. ಕಾಲು ಆ ಶಾಲೆಯ ಮುಂದೆ ನಿಂತಿತು. ಕಾವಲಿನವನು ಎದ್ದು ಬಂದು, ಯಾರು ಬೇಕಾಗಿತ್ರಿ ಎಂದು ಕೇಳಿದ.

“ಇಂಗ್ಲಿಷ್ ಮಾಸ್ತರರ ಅಕ್ಕ ರೀ ನಾ,” ಅಂದೆ.

ಅವನು ಕೈ ಮುಗಿದು ಗೇಟು ತೆಗೆದ. ಒಳಗೆ ನನಗೆ ಯಾರೂ ಇರಲಿಲ್ಲ.