ಅಯ್ಯಮ್ಮ ಬಿಚ್ಚಿದ ಕಿಟಕಿ

ಮಸ್ಕಿಯ ಅಯ್ಯಮ್ಮನಿಗೆ ಜನ ಅಂದರೆ ಅಷ್ಟಕ್ಕಷ್ಟೇ. ಅರವತ್ತು ದಾಟಿದ ಹೆಂಗಸು. ಇಪ್ಪತ್ತೊಂದು ವರ್ಷ ಸರ್ಕಾರಿ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಮುನ್ನೂರು ಮಕ್ಕಳಿಗೆ ಅನ್ನ, ಸಾಂಬಾರು ಬೇಯಿಸಿದವಳು. ಹೆಡ್‌ಮಾಸ್ತರರಿಂದ ಹಿಡಿದು ಅಕ್ಕಿ ಇಳಿಸುವ ಲಾರಿಯವನ ತನಕ ಎಲ್ಲರ ಬಗ್ಗೆಯೂ ಆಕೆಯದು ಒಂದೇ ಮಾತು: "ಕಣ್ಣು ಅದಾವ, ನೋಡಂಗಿಲ್ಲ."

ಈ ಮಾತು ಆಕೆಗೆ ಪುಗಸಟ್ಟೆ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಎಂಟನೇ ವರ್ಷ ಅಡುಗೆಕೋಣೆಯ ಗ್ಯಾಸ್ ಪೈಪನ್ನು ಇಲಿ ಕಡಿದಿತ್ತು. ಪೈಪು ಬದಲಿಸಿ ಎಂದು ಅಯ್ಯಮ್ಮ ಮೂರು ದಿನ ಹೇಳಿದಳು. ಮೂರು ದಿನವೂ ಹೆಡ್‌ಮಾಸ್ತರರು ತಲೆಯಾಡಿಸಿದರು. ನಾಲ್ಕನೇ ದಿನ ಬೆಂಕಿ ಹತ್ತಿತು. ಜೊತೆಯ ಅಡುಗೆಯವಳ ಸೀರೆಗೆ ಹಿಡಿದ ಉರಿಯನ್ನು ಕಿತ್ತೆಳೆಯಲು ಹೋಗಿ ಅಯ್ಯಮ್ಮನ ಎಡಗೈ ಮೊಣಕೈ ತನಕ ಬೆಂದಿತು. ಆಮೇಲೆ ಲಿಂಗಸುಗೂರಿನಿಂದ ಅಗ್ನಿಶಾಮಕದ ಇಬ್ಬರು ಬಂದು ಒಂದು ಮಧ್ಯಾಹ್ನ ತರಬೇತಿ ಕೊಟ್ಟು ಹೋದರು. ಉಳಿದವರು ಚಹಾ ಕುಡಿದು ಮರೆತರು. ಅಯ್ಯಮ್ಮ ಒಂದಕ್ಷರವನ್ನೂ ಬಿಡಲಿಲ್ಲ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗದೆ ನೆಲ ಹಿಡಿದು ಕೂತಿರುತ್ತದೆ. ಪೈಪಿಗೆ ಸೋಪಿನ ನೀರು ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಬೆಂಕಿ ಹತ್ತಿದರೆ ಮೊದಲು ಮನುಷ್ಯರು ಹೊರಗೆ, ಸಾಮಾನು ಆಮೇಲೆ. ಇಷ್ಟು ಸಣ್ಣ ವಿಷಯ ಓದಿದವರ ತಲೆಗೆ ಯಾಕೆ ಇಳಿಯುವುದಿಲ್ಲ ಎಂಬುದು ಆಕೆಗೆ ಕಡೆಯ ತನಕ ತಿಳಿಯಲಿಲ್ಲ.

ಬಿಸಿಯೂಟದಿಂದ ಆಕೆಯನ್ನು ವಯಸ್ಸಾಯಿತೆಂದು ಬಿಡಿಸಿದ ವರ್ಷವೇ ಸಿಂಧನೂರಿನ ಬೀಜದ ವ್ಯಾಪಾರಿ ಬಸವಲಿಂಗ ಸಾವ್ಕಾರ ಮಸ್ಕಿಯ ಲಿಂಗಸುಗೂರು ರಸ್ತೆಯಲ್ಲಿದ್ದ ತನ್ನ ಹೊಲದಲ್ಲಿ 'ಕ್ಯಾರವಾನ್ ಕ್ಯಾಂಪ್' ತೆರೆದ. ಸಿಂಧನೂರು ಸುತ್ತಮುತ್ತ ಕ್ಯಾಂಪ್ ಅಂದರೆ ಕಾಲುವೆ ನೀರಿಗೆ ಬಂದು ನೆಲೆಸಿದ ರೈತರ ಊರು. ಇದು ಬೇರೆ. ಇಲ್ಲಿ ಗಾಡಿಗಳೇ ಮನೆ. ಹಳೇ ಶಾಲಾ ಬಸ್ಸು ಎರಡು, ಟೆಂಪೋ ಟ್ರಾವೆಲರ್ ಮೂರು. ಇವನ್ನು ಗ್ಯಾರೇಜಿಗೆ ಹಾಕಿ ಒಳಗೆ ಪ್ಲೈವುಡ್ಡು ಬಡಿಸಿ, ಫೋಮಿನ ಹಾಸಿಗೆ, ರೆಕ್ಸಿನ್ನು, ಪರದೆ, ಒಲೆ ಎಲ್ಲ ಕೂಡಿಸಿದ್ದರು. ಅಶೋಕನ ಶಾಸನ ನೋಡಲು ಬರುವವರು, ಮುದಗಲ್ ಕೋಟೆ ಹತ್ತುವವರು, ಹಟ್ಟಿ ಗಣಿಯ ಗೇಟಿನ ಮುಂದೆ ನಿಂತು ಚಿನ್ನ ಕಂಡವರ ಹಾಗೆ ಫೋಟೋ ತೆಗೆಸಿಕೊಳ್ಳುವವರು ಇಲ್ಲಿ ತಂಗಬೇಕು ಎಂಬುದು ಸಾವ್ಕಾರನ ಲೆಕ್ಕಾಚಾರ. ಅವನಿಗೆ ಗಾಡಿಯೂ ಗೊತ್ತಿಲ್ಲ, ಪ್ರವಾಸವೂ ಗೊತ್ತಿಲ್ಲ. ಎಲ್ಲೋ ಒಂದು ಫೋಟೋ ನೋಡಿದ್ದ, ಅಷ್ಟೇ.

ರೊಟ್ಟಿ ಬಡಿಯಲು ಅಯ್ಯಮ್ಮನನ್ನು ಕರೆಸಿದರು. ತನ್ನ ಮನೆಯ ಒಲೆಯ ಹತ್ತಿರ ಆಕೆಯ ಓಣಿಯವರನ್ನು ಎಂದೂ ಬಿಟ್ಟುಕೊಳ್ಳದ ಬಸವಲಿಂಗ, ಪರವೂರಿನ ಜನಕ್ಕೆ ಆಕೆಯ ಕೈಯ ಜೋಳದ ರೊಟ್ಟಿ 'ನಮ್ಮ ಸಂಸ್ಕೃತಿ' ಎಂದು ಬೋರ್ಡು ಬರೆಸಿದ್ದ. ಅಯ್ಯಮ್ಮ ಬೋರ್ಡನ್ನು ಒಮ್ಮೆ ಓದಿ, ಸೆರಗು ಸಿಕ್ಕಿಸಿ ಒಳಗೆ ಹೋದಳು.

ಮೊದಲ ದಿನವೇ ಐದೂ ಗಾಡಿ ಹತ್ತಿ ಇಳಿದಳು. ಗ್ಯಾಸ್ ಸಿಲಿಂಡರು ಮಂಚದ ಕೆಳಗೆ. ಒಲೆ ಬಾಗಿಲ ಪಕ್ಕ, ಒಲೆಯ ಮೇಲೆ ಗೇಣುದ್ದ ಬಿಟ್ಟು ಜರಿ ಪರದೆ. ಹಿಂದಿನ ಕಿಟಕಿಗೆ ಮಂಗ ಬರಬಾರದೆಂದು ಕಬ್ಬಿಣದ ಜಾಲರಿ, ನಾಲ್ಕು ಬೋಲ್ಟು ಬಿಗಿದು. ಫೋಟೋದಲ್ಲಿ ಚೆಂದ ಕಾಣಲಿ ಎಂದು ಐದೂ ಗಾಡಿಗಳನ್ನು ಕುದುರೆ ಲಾಳದ ಹಾಗೆ ಮೈಗೆ ಮೈ ತಾಗಿಸಿ ನಿಲ್ಲಿಸಿ, ಒಂದರಿಂದ ಇನ್ನೊಂದಕ್ಕೆ ನೆರಳಿಗೆಂದು ತಾಡಪತ್ರಿ ಕಟ್ಟಿದ್ದರು. ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳೂ ಇದ್ದವು, ಗುಜರಿಯಿಂದ ತಂದು ಬಣ್ಣ ಹೊಡೆಸಿದವು.

"ಸಾವ್ಕಾರ್ರ, ಇದರ ಮುಳ್ಳು ಎಲ್ಲೈತಿ ನೋಡ್ರಿ. ಸೊನ್ನಿ ಮ್ಯಾಲ ಕುಂತೈತಿ," ಎಂದಳು.

"ಮುಳ್ಳು ಯಾರು ನೋಡ್ತಾರ ಅಯ್ಯಮ್ಮ? ಕೆಂಪು ಕಂಡ್ರ ಸಾಕು."

"ಎರಡು ಗಾಡಿ ನಡುವ ಒಂದು ಎತ್ತಿನ ಬಂಡಿ ತಿರುಗುವಷ್ಟು ಜಾಗ ಬೇಕ್ರಿ. ಒಂದಕ್ಕ ಹತ್ತಿದ್ರ ಐದಕ್ಕೂ ಹತ್ತತೈತಿ."

"ನೀ ರೊಟ್ಟಿ ಬಡಿ," ಎಂದ ಬಸವಲಿಂಗ. ಹಲ್ಲಿನ ಸಂದಿಯ ಅಡಿಕೆ ತೆಗೆಯುವುದು ಅವನಿಗೆ ಅದಕ್ಕಿಂತ ಮುಖ್ಯವಾದ ಕೆಲಸವಾಗಿತ್ತು.

ಮ್ಯಾನೇಜರ್ ವಿರೇಶ ಪಕ್ಕದಲ್ಲಿ ನಿಂತು ನಕ್ಕ. ಆ ಬಿಸಿಲಲ್ಲೂ ಕುತ್ತಿಗೆಗೆ ಟೈ ಕಟ್ಟುವ ಮನುಷ್ಯ. ಅಂದಿನಿಂದ ಆಕೆಗೆ 'ಫೈರ್ ಅಜ್ಜಿ' ಎಂದು ಹೆಸರಿಟ್ಟ. ಒಬ್ಬ ಅಧಿಕಾರಿ ಪರಿಶೀಲನೆಗೆಂದು ಬಂದ. ಎಣ್ಣೆಗಾಯಿ, ಶೇಂಗಾ ಚಟ್ನಿ, ನಾಲ್ಕು ರೊಟ್ಟಿ ತಿಂದ, ಮಜ್ಜಿಗೆ ಕುಡಿದ, ತಾಡಪತ್ರಿಯ ನೆರಳಲ್ಲಿ ಕೂತೇ ಕಾಗದಕ್ಕೆ ಸಹಿ ಮಾಡಿದ. ಒಂದು ಗಾಡಿಯ ಮೆಟ್ಟಿಲನ್ನೂ ಹತ್ತಲಿಲ್ಲ. "ಅವರ ಹೊಟ್ಟಿ ಪಾಸಾತು, ಅದಕ್ಕ ಗಾಡೀನೂ ಪಾಸಾತು," ಎಂದು ಅಯ್ಯಮ್ಮ ತಟ್ಟೆ ತೊಳೆಯಲು ಎತ್ತಿಕೊಂಡಳು.

ಬಂದವರೂ ಕಡಿಮೆ ಇರಲಿಲ್ಲ. ಒಬ್ಬಳು ಹಾಸಿಗೆಯ ಅಂಚಿಗೆ ಸೊಳ್ಳೆ ಬತ್ತಿ ಹಚ್ಚಿಟ್ಟು ಸ್ನಾನಕ್ಕೆ ಹೋದಳು. ಇನ್ನೊಬ್ಬ ಚಳಿಯೆಂದು ಕೆಂಡದ ಬುಟ್ಟಿಯನ್ನು ಗಾಡಿಯೊಳಗೆ ಒಯ್ದು ಬಾಗಿಲು ಹಾಕಿಕೊಳ್ಳಲು ಹೊರಟಿದ್ದ. ಅಯ್ಯಮ್ಮ ಬುಟ್ಟಿ ಕಸಿದುಕೊಂಡು ನೀರು ಸುರಿದಳು. ಅವನು ಅಡುಗೆಯವಳಿಗೆ ಸಂಸ್ಕಾರವಿಲ್ಲ ಎಂದು ಫೋನಿನಲ್ಲಿ ಬರೆದು ಹಾಕಿದ. ಜೀವ ಉಳಿದಿದ್ದಕ್ಕೇ ಬರೆಯಲು ಬೆರಳು ಉಳಿದಿವೆ ಎಂಬುದು ಅವನಿಗೆ ಹೊಳೆಯುವ ಮಾತಾಗಿರಲಿಲ್ಲ.

ಹೇಳಿ ಪ್ರಯೋಜನವಿಲ್ಲ ಎಂದಾದಾಗ ಅಯ್ಯಮ್ಮ ಹೇಳುವುದನ್ನು ಬಿಟ್ಟಳು. ಕ್ಯಾಂಪಿನಲ್ಲಿ ಕಸ ಗುಡಿಸುವ, ಗಾಡಿ ಒರೆಸುವ ವಸೀಮಾ ಎಂಬ ಮೂವತ್ತರ ಹೆಂಗಸಿದ್ದಳು. ಆಕೆಯ ಗಂಡನದು ಟ್ರ್ಯಾಕ್ಟರ್ ರಿಪೇರಿ ಅಂಗಡಿ.

"ವಸೀಮಾ, ನಿನ್ನ ಗಂಡನ ಕಡಿಂದ ಒಂದು ಪಾನಾ ತಂದುಕೊಡ್ತಿ?"

"ಯಾಕ ಅಯ್ಯಮ್ಮಕ್ಕ?"

"ಹಿಂದಿನ ಜಾಲರಿ ಬೋಲ್ಟು ಬಿಚ್ಚಾಕ. ಬಾಗಲದಾಗ ಒಲಿ ಐತಿ. ಅಲ್ಲಿ ಹತ್ತಿದ್ರ ಒಳಗಿದ್ದವ್ರು ಎಲ್ಲಿಂದ ಬರಬೇಕು? ಗೋಡಿ ತೂರಿ ಬರಾಕ ಅವರೇನು ಪವಾಡ ಪುರುಷರಲ್ಲ, ಹಾಕಿದ ಬಾಗಲಾ ತಗ್ಯಾಕ ಸೈತ ಬರಂಗಿಲ್ಲ ಅವರಿಗೆ."

ವಸೀಮಾ ಮರುದಿನ ಪಾನಾ ತಂದಳು. ವಾರದ ಸಂತೆಯ ದಿನ, ಗಾಡಿಗಳು ಖಾಲಿ ಇದ್ದಾಗ, ಇಬ್ಬರೂ ಸೇರಿ ಐದೂ ಜಾಲರಿಗಳ ಬೋಲ್ಟು ತೆಗೆದು ಆ ಜಾಗಕ್ಕೆ ಸುತಳಿ ಕಟ್ಟಿದರು. ದೂರದಿಂದ ನೋಡಿದರೆ ಮೊದಲಿನಂತೆಯೇ ಕಾಣುತ್ತಿತ್ತು, ಜೋರಾಗಿ ಜಗ್ಗಿದರೆ ಕಿತ್ತು ಬರುತ್ತಿತ್ತು. ಅಡುಗೆಮನೆಯ ಹಿಂದೆ ಒಂದು ಡ್ರಮ್ಮಿಗೆ ನೀರು ತುಂಬಿ ಗೋಣಿ ಚೀಲಗಳನ್ನು ನೆನೆಹಾಕಿದರು. ನಾಲ್ಕು ಬಕೆಟ್ ಮರಳು ಇಟ್ಟರು. ಆ ಮರಳಿನಲ್ಲಿ ವಿರೇಶ ಸಿಗರೇಟು ಹೊಸಕತೊಡಗಿದ. ಅಯ್ಯಮ್ಮ ತುಂಡುಗಳನ್ನು ಆರಿಸಿ ಅವನ ಟೇಬಲ್ಲಿನ ಮೇಲೆ ಸಾಲಾಗಿ ಜೋಡಿಸಿ ಬಂದಳು.

ಫೆಬ್ರವರಿಯ ಒಂದು ಭಾನುವಾರ, ಬೆಳಗಿನ ಹತ್ತು ಗಂಟೆ. ಗಾಳಿ ಜೋರಿತ್ತು. ಬಳ್ಳಾರಿಯಿಂದ ಸಿದ್ದರಾಮೇಶ ಎಂಬುವನು ಹೆಂಡತಿ ಮತ್ತು ಅತ್ತೆಯೊಂದಿಗೆ ಬಂದು ಮೂಲೆಯ ಬಸ್ಸಿನಲ್ಲಿ ಇಳಿದಿದ್ದ. ಹೋದಲ್ಲೆಲ್ಲ ವೀಡಿಯೋ ಮಾಡಿ ಫೋನಿನಲ್ಲಿ ಹಾಕುವುದು ಅವನ ಉದ್ಯೋಗ. ತಿನ್ನುವ ಮೊದಲು ತಟ್ಟೆಗೆ, ಹತ್ತುವ ಮೊದಲು ಬೆಟ್ಟಕ್ಕೆ ಫೋನು ಹಿಡಿಯುವ ಜಾತಿ. ಅಂದು 'ಗಾಡಿಯಲ್ಲಿ ಬೆಳಗಿನ ಚಹಾ' ತೆಗೆಯಬೇಕಿತ್ತು. ಒಲೆ ಹಚ್ಚಿ, ಪಾತ್ರೆ ಇಟ್ಟು, ಕುದಿಯುವುದನ್ನು ಹೊರಗಿನಿಂದ ತೆಗೆದರೆ ಚೆಂದ ಎಂದು ಕೆಳಗಿಳಿದು ಹತ್ತು ಹೆಜ್ಜೆ ಹಿಂದೆ ಸರಿದು ನಿಂತ. ಹೆಂಡತಿ ಬಚ್ಚಲಿಗೆ ಹೋಗಿದ್ದಳು. ಮಂಡಿನೋವಿನ ಅತ್ತೆ ಶೇಖರಮ್ಮ ಗಾಡಿಯ ಹಿಂಬದಿಯ ಹಾಸಿಗೆಯಲ್ಲಿ ಮಲಗಿದ್ದಳು. ತೆರೆದ ಬಾಗಿಲಿನಿಂದ ಗಾಳಿ ನುಗ್ಗಿ ಪರದೆಯನ್ನು ಒಲೆಯ ಮೇಲೆ ಬೀಸಿತು.

ರೊಟ್ಟಿ ತಟ್ಟುತ್ತಿದ್ದ ಅಯ್ಯಮ್ಮನಿಗೆ ಸುಟ್ಟ ರೆಕ್ಸಿನ್ನಿನ ವಾಸನೆ ಮೊದಲು ಬಂತು. ಹೊರಗೆ ಬಂದರೆ ಬಸ್ಸಿನ ಬಾಗಿಲ ತುಂಬ ಉರಿ. ಸಿದ್ದರಾಮೇಶ ಫೋನು ಹಿಡಿದ ಕೈಯನ್ನು ಇಳಿಸದೆ ನಿಂತಿದ್ದ.

"ಒಳಗ ಯಾರದಾರ?" ಎಂದು ಅಯ್ಯಮ್ಮ ಕೇಳಿದಳು.

ಅವನು ಫೋನನ್ನೇ ನೋಡುತ್ತಿದ್ದ. ಬಚ್ಚಲಿಂದ ಓಡಿ ಬಂದ ಹೆಂಡತಿಯೇ ಹೇಳಬೇಕಾಯಿತು: "ನಮ್ಮವ್ವ ಅದಾಳ್ರಿ."

ವಿರೇಶ ಕೆಂಪು ಸಿಲಿಂಡರು ಹೊತ್ತು ಬಂದು ಪಿನ್ನು ಕಿತ್ತು ಹಿಡಿಕೆ ಒತ್ತಿದ. ಮುದುಕ ಕೆಮ್ಮಿದಷ್ಟು ಸದ್ದು ಬಂತು, ಇನ್ನೇನೂ ಬರಲಿಲ್ಲ. ಅದನ್ನು ಅಲ್ಲಿಯೇ ಎಸೆದು ಫೋನು ಮಾಡಲು ನೆರಳು ಹುಡುಕಿಕೊಂಡು ಹೋದ.

"ವಸೀಮಾ, ಗೋಣಿ ತಗೊಂಡು ಹಿಂದ ಬಾ," ಎಂದು ಅಯ್ಯಮ್ಮ ಬಸ್ಸಿನ ಹಿಂಬದಿಗೆ ಓಡಿದಳು. ಜಾಲರಿಗೆ ಎರಡೂ ಕೈ ಹಾಕಿ ಜಗ್ಗಿದಳು. ಸುತಳಿ ಕಿತ್ತು ಜಾಲರಿ ಕಾಲ ಮೇಲೆ ಬಿತ್ತು. ಕಿಟಕಿಯ ಗಾಜು ಸರಿಸಿದಾಗ ಕಪ್ಪು ಹೊಗೆ ಮುಖಕ್ಕೆ ರಾಚಿತು. ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು.

"ಯವ್ವಾ, ಈ ಕಡಿ. ಕೈ ಕೊಡು."

"ಮಂಡಿ ಏಳವಲ್ಲವು," ಎಂದಿತು ಒಳಗಿನ ದನಿ.

"ಮಂಡಿ ಬಿಡು, ಕೈ ಕೊಡು."

ಕೈ ಸಿಕ್ಕಿತು. ವಸೀಮಾ ಒದ್ದೆ ಗೋಣಿಯನ್ನು ಕಿಟಕಿಯ ಅಂಚಿಗೆ ಹಾಕಿದಳು. ಇಬ್ಬರೂ ರಟ್ಟೆ ಹಿಡಿದು ಜಗ್ಗಿದರು. ಶೇಖರಮ್ಮ ಭಾರದ ಹೆಂಗಸು. ಅರ್ಧ ಬಂದು ಸಿಕ್ಕಿಕೊಂಡಳು. ಅಯ್ಯಮ್ಮ ಗಾಡಿಗೆ ಕಾಲು ಕೊಟ್ಟು ಮತ್ತೊಮ್ಮೆ ಎಳೆದಾಗ ಮೂವರೂ ಒಟ್ಟಿಗೆ ನೆಲಕ್ಕೆ ಬಿದ್ದರು. ಶೇಖರಮ್ಮನ ಕೂದಲ ತುದಿ ಸುಟ್ಟಿತ್ತು, ಪಾದಕ್ಕೆ ಬೊಬ್ಬೆ ಎದ್ದಿತ್ತು. ಜೀವಕ್ಕೆ ಏನೂ ಆಗಿರಲಿಲ್ಲ.

ಅಷ್ಟೊತ್ತಿಗೆ ಬಸವಲಿಂಗನ ಕಾರು ಬಂತು. ಇಳಿದವನೇ, ಪಕ್ಕದ ಗಾಡಿಯ ಸೋಫಾ ಹೊರಗೆ ಹಾಕಿರಿ ಎಂದು ಕೂಗತೊಡಗಿದ. ಇಬ್ಬರು ಹೊರಟೇಬಿಟ್ಟರು.

ಅಯ್ಯಮ್ಮ ಅಡ್ಡ ನಿಂತಳು. "ಮಂಚದ ಕೆಳಗ ಸಿಲಿಂಡರ್ ಐತಿ. ಸೋಫಾ ಬೇಕಾದವ್ರು ಹೋಗ್ರಿ. ಜೀವ ಬೇಕಾದವ್ರು ರಸ್ತೆ ದಾಟಿ ಬೇವಿನ ಗಿಡದ ಆಚೆ ನಡ್ರಿ."

ಜನ ರಸ್ತೆ ದಾಟಿದರು. ಬಸವಲಿಂಗ ಎಲ್ಲರಿಗಿಂತ ಮುಂದಿದ್ದ. ಅಯ್ಯಮ್ಮ ಕುಡುಗೋಲು ತಂದು ಮೂರನೇ ಗಾಡಿಯ ತಾಡಪತ್ರಿಯ ಹಗ್ಗ ಕೊಯ್ದು, ಬೆಂಕಿ ಟೆಂಪೋಗಳ ಕಡೆ ದಾಟದಂತೆ ಉರಿಯುವ ಬಟ್ಟೆಯನ್ನು ಕೆಳಗೆ ಕೆಡವಿ ತಾನೂ ಆಚೆ ಬಂದಳು. ಸಿಲಿಂಡರು ಸಿಡಿದಾಗ ಅದರ ಸದ್ದು ಮಸ್ಕಿ ಬಸ್ ಸ್ಟ್ಯಾಂಡಿನ ತನಕ ಕೇಳಿಸಿತಂತೆ. ಎರಡು ಬಸ್ಸು ಬೂದಿಯಾದವು, ಮೂರು ಟೆಂಪೋ ಉಳಿದವು. ಲಿಂಗಸುಗೂರಿನಿಂದ ಅಗ್ನಿಶಾಮಕದ ಗಾಡಿ ಬರುವ ಹೊತ್ತಿಗೆ ಉರಿಯಲು ಹೆಚ್ಚೇನೂ ಉಳಿದಿರಲಿಲ್ಲ.

ನೀರು ಹೊಡೆದು ಮುಗಿದ ಮೇಲೆ ಅಗ್ನಿಶಾಮಕ ಠಾಣಾಧಿಕಾರಿ ಹಿಂದೆ ಬಿದ್ದಿದ್ದ ಜಾಲರಿಯನ್ನು ಎತ್ತಿ ನೋಡಿದ. ಅದಕ್ಕೆ ಬೋಲ್ಟಿರಲಿಲ್ಲ, ಸುಟ್ಟ ಸುತಳಿಯ ಗಂಟಿತ್ತು.

"ಇದನ್ನ ಬಿಚ್ಚಿದ್ದು ಯಾರು?" ಎಂದು ಕೇಳಿದ.

ಬಸವಲಿಂಗ ಅಯ್ಯಮ್ಮನ ಕಡೆ ಬೆರಳು ಮಾಡಿದ. "ಈಕೀನ ಸಾಹೇಬ್ರ. ನನ್ನ ಗಾಡಿ ಹಾಳ ಮಾಡ್ಯಾಳ. ನನಗ ಒಂದು ಮಾತು ಕೇಳಿಲ್ಲ."

"ಇದು ಬಿಚ್ಚಿರಲಿಲ್ಲ ಅಂದ್ರ ಒಂದು ಹೆಣ ಬೀಳ್ತಿತ್ತು," ಎಂದ ಅಧಿಕಾರಿ.

ಬಸವಲಿಂಗ ಬೆರಳು ಕೆಳಗಿಳಿಸಿದ. ಆಮೇಲೆ ನಾಚಿಕೆಯ ನೆರಳೂ ಮುಖದ ಮೇಲೆ ಸುಳಿಯದಂತೆ, "ಹಂಗಲ್ರಿ, ನಾನ ಹೇಳಿ ಬಿಚ್ಚಿಸಿದ್ದು. ಮಂದಿ ಜೀವ ಮುಖ್ಯ ಅಲ್ಲೇನ್ರಿ," ಎಂದ.

ಅಯ್ಯಮ್ಮ ಅವನನ್ನು ನೋಡಿದಳು. ಅಧಿಕಾರಿಯ ಕಡೆ ತಿರುಗಿ, "ಬರಕೋರಿ," ಎಂದಳು. ಸೊನ್ನೆಯ ಮೇಲಿನ ಮುಳ್ಳು, ಮಂಚದ ಕೆಳಗಿನ ಸಿಲಿಂಡರು, ಮೆಟ್ಟಿಲು ಹತ್ತದ ಪರಿಶೀಲನೆ, ಯಾವ ದಿನ ಯಾರಿಗೆ ಏನು ಹೇಳಿದ್ದಳು, ಯಾರು ಏನೆಂದರು, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ವಸೀಮಾ ಪಕ್ಕದಲ್ಲಿ ನಿಂತು ಹೌದು ಹೌದು ಎಂದಳು. ಇಬ್ಬರೂ ಹೇಳಿಕೆಯ ಕೆಳಗೆ ಸಹಿ ಮಾಡಿದರು. ಟೈ ಸಡಿಲಿಸಿಕೊಂಡ ವಿರೇಶ ಅಂದು ಕಂಡವನು ಮತ್ತೆ ಮಸ್ಕಿಯಲ್ಲಿ ಕಾಣಲಿಲ್ಲ.

ಕ್ಯಾಂಪಿಗೆ ಬೀಗ ಬಿತ್ತು. ಬಸವಲಿಂಗನ ಮೇಲೆ ಕೇಸಾಯಿತು. ಅದು ಇನ್ನೂ ನಡೆದಿದೆ, ಅವನು ಕೋರ್ಟಿನ ವಾಯಿದೆಗೆ ಬಿಳಿ ಅಂಗಿ ತೊಟ್ಟು ಹೋಗಿ ಬರುತ್ತಾನೆ. ಸಿಂಧನೂರಿನ ಬಾಜಾರಿನಲ್ಲಿ ಈಗಲೂ ಅವನಿಗೆ ನಮಸ್ಕಾರ ಮಾಡುವವರಿದ್ದಾರೆ. ಅಂಥ ಕೈಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಸಿದ್ದರಾಮೇಶನ ವೀಡಿಯೋವನ್ನು ಲಕ್ಷಗಟ್ಟಲೆ ಜನ ನೋಡಿದರಂತೆ. 'ಸಾವಿನ ದವಡೆಯಿಂದ ನನ್ನ ಕುಟುಂಬವನ್ನು ಪಾರು ಮಾಡಿದ ಕ್ಷಣ' ಎಂದು ಅದಕ್ಕೆ ತಲೆಬರಹ. ಅದರಲ್ಲಿ ಅವನ ಮುಖ ಇದೆ, ಬೆಂಕಿ ಇದೆ, ದುಃಖದ ಸಂಗೀತ ಇದೆ. ಬಸ್ಸಿನ ಹಿಂಬದಿ ಮಾತ್ರ ಇಲ್ಲ. ವಸೀಮಾ ಫೋನಿನಲ್ಲಿ ತೋರಿಸಿದಾಗ ಅಯ್ಯಮ್ಮ ಅರ್ಧಕ್ಕೇ ಸಾಕೆಂದು ಕೈ ಮಾಡಿದಳು.

ಆಮೇಲೆ ಠಾಣಾಧಿಕಾರಿ ಹೇಳಿ ಕಳಿಸಿದ್ದರಿಂದ ಆಕೆ ಲಿಂಗಸುಗೂರಿನಲ್ಲಿ ಬಿಸಿಯೂಟದ ಅಡುಗೆಯವರ ತರಬೇತಿಗೆ ಎರಡು ಸಲ ಹೋಗಿ ಬಂದಳು. ಸುಟ್ಟ ಎಡಗೈಯನ್ನು ಮೊದಲು ತೋರಿಸಿ, ಆಮೇಲೆ ಮಾತು ಶುರು ಮಾಡುತ್ತಿದ್ದಳು. ಚಹಾ ಕೊನೆಗೆ ಕೊಡಿ ಎಂದು ಅಲ್ಲಿಯವರಿಗೆ ತಾಕೀತು ಮಾಡಿದ್ದಳು.

ಏಪ್ರಿಲ್ಲಿನಲ್ಲಿ ಒಂದು ದಿನ ಬಳ್ಳಾರಿ ಕಡೆಯ ಬಸ್ಸಿಳಿದು ಶೇಖರಮ್ಮ ಒಬ್ಬಳೇ ಕೋಲೂರಿಕೊಂಡು ವಿಳಾಸ ಕೇಳುತ್ತ ಅಯ್ಯಮ್ಮನ ಮನೆಗೆ ಬಂದಳು. ಒಳಗೆ ಬಂದು, ಕೊಟ್ಟ ನೀರು ಕುಡಿದು, ಕುರ್ಚಿ ಬೇಡವೆಂದು ಪಡಸಾಲೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತಳು.

"ನಿನ್ನ ಹೆಸರು ಸೈತ ಕೇಳಿರಲಿಲ್ಲ ನಾ," ಎಂದಳು. "ಅಳಿಯನ್ನ ಕೇಳಿದ್ರ, ಯಾವಾಕಿ ಅಂದ. ಠಾಣೆಗೆ ಫೋನ್ ಹಚ್ಚಿ ತಿಳಕೊಂಡೆ."

"ಇಷ್ಟು ದೂರ ಮಂಡಿ ಹಿಡಕೊಂಡು ಯಾಕ ಬಂದಿ ಅಕ್ಕಾ?"

"ನೋಡಬೇಕಿತ್ತು. ಆವತ್ತು ಹೊಗಿಯಾಗ ನಿನ್ನ ಕೈ ಅಷ್ಟ ಕಂಡಿತ್ತು." ಶೇಖರಮ್ಮ ಮಂಡಿ ನೀವಿಕೊಳ್ಳುತ್ತ ಹೇಳಿದಳು, "ಅಂವ ಮತ್ತ ಇನ್ನೊಂದು ಗಾಡಿ ಗೊತ್ತು ಮಾಡ್ಯಾನ. ಸಮುದ್ರ ತೋರಿಸ್ತೀನಿ ಅಂತಾನ. ಮೊದಲ ಗಾಡಿ ನೋಡಿ ಬಾ, ಬಾಗಲಾ ಎಷ್ಟದಾವ ಎಣಿಸಿ ಬಾ ಅಂದೆ. ಸಿಟ್ಟು ಮಾಡಿಕೊಂಡಾನ. ಮಗಳಿಗೂ ಹೇಳೀನಿ, ನೀನೂ ಹೋಗಬ್ಯಾಡ ಅಂತ. ಆಕಿ ಕೇಳ್ಯಾಳ."

ಅಯ್ಯಮ್ಮ ಆಕೆಯ ಮುಖವನ್ನು ನೋಡುತ್ತ ಕೂತಳು. ಇಷ್ಟು ವರ್ಷಗಳಲ್ಲಿ, ಯಾರೂ ಹೇಳದೆಯೇ ಕಣ್ಣು ಬಿಟ್ಟು ನೋಡಿದ ಒಬ್ಬ ಹೆಂಗಸು ತನ್ನ ಕಟ್ಟೆಯ ಮೇಲೆ ಕೂತಿದ್ದಾಳೆ ಎಂಬುದು ಆಕೆಗೆ ವಿಚಿತ್ರವೆನಿಸಿತು. ಎದ್ದು ಒಲೆಯ ಕಡೆ ಹೋಗಿ ಹಿಟ್ಟು ನಾದಿದಳು.

"ನಾನೂ ಬಡೀತೀನಿ, ಈ ಕಡಿ ಕೊಡು," ಎಂದು ಶೇಖರಮ್ಮ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಅಯ್ಯಮ್ಮ ಬೇಡ ಎನ್ನಲಿಲ್ಲ. ತನ್ನ ಪಕ್ಕದಲ್ಲಿ ಮಣೆ ಹಾಕಿಕೊಟ್ಟಳು.