ಎರಡೂ ಎಡಗೈಯ ತೋಳು

ನಮ್ಮ ದೊಡ್ಡಮ್ಮ ದೇವರಿಗೆ ಬಿಡುವು ಕೊಟ್ಟವಳಲ್ಲ. ಕರೆಂಟು ಹೋದರೂ ಕರ್ತನಿಗೆ "ಸ್ತೋತ್ರ", ಮಿಷನ್ನಿನ ಬೆಲ್ಟು ಕಿತ್ತರೂ "ಸ್ತೋತ್ರ". ಒಮ್ಮೆ ಸೂಜಿ ಬೆರಳಿಗೇ ಇಳಿದಾಗ ಮೊದಲು "ಅಯ್ಯಯ್ಯೋ" ಅಂದು, ಆಮೇಲೆ ನೆನಪಾಗಿ "ಸ್ತೋತ್ರ" ಅಂದಳು. ನಾನು ನಕ್ಕೆ.

"ಅಯ್ಯೋ ಅಂದಿದ್ದು ನಾನು, ಸ್ತೋತ್ರ ಅಂದಿದ್ದು ನನ್ನ ನಂಬಿಕೆ. ಇಬ್ರೂ ಒಂದೇ ಮನೇಲಿದ್ದೀವಿ, ಏನ್ಮಾಡೋದು" ಅಂದಳು.

ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಎರಡು ಮಿಷನ್ನು, ಬಟ್ಟೆ ಕತ್ತರಿಸಲು ಉದ್ದ ಮೇಜು, ಅಳತೆ ಕೊಡುವವರಿಗೆ ಪರದೆ ಎಳೆದ ಮೂಲೆ. ಅಪ್ಪನ ಕಾರ್ಖಾನೆ ಮುಚ್ಚಿದಾಗ ದೊಡ್ಡಮ್ಮನೇ ಅಮ್ಮನನ್ನು ಕರೆದು ಎರಡನೆಯ ಮಿಷನ್ನಿಗೆ ಕೂರಿಸಿದಳು. ಓರಗಿತ್ತಿಯರಿಗೆ ಅಲ್ಲಿಯವರೆಗೆ ಅಷ್ಟಕ್ಕಷ್ಟೇ. ಅಮ್ಮನದು ಮುಟ್ಟಿದರೆ ಮುನಿ ಸ್ವಭಾವ, ದೊಡ್ಡಮ್ಮನದು ಎಲುಬಿಲ್ಲದ ನಾಲಿಗೆ. ಈ ಕೆಲಸವೂ ಕೈಗೆ ಹತ್ತದಿದ್ದರೆ ತಾನು ಯಾತಕ್ಕೂ ಬಾರದವಳು ಎಂದು ಅಮ್ಮ ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದಳು.

ಅಂಥ ಹೊತ್ತಿನಲ್ಲೇ ಒಬ್ಬ ಮದುಮಗಳ ಉಡುಪು ಅಮ್ಮನ ಪಾಲಿಗೆ ಬಂತು. ಬಿಳಿ ಬಟ್ಟೆ, ಹೊರಮೈಗೆ ಹೊಳೆಯುವ ಹೂವು, ಒಳಮೈ ಬೋಳು. ಇಂಥದರಲ್ಲಿ ಒಂದು ತೋಳು ಕತ್ತರಿಸಿದ ಮೇಲೆ ಕಾಗದದ ಅಚ್ಚನ್ನು ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ಅಮ್ಮ ಮಗುಚಲಿಲ್ಲ. ತೋಳು ಎರಡೂ ಎಡಗೈಗೇ ಆದವು. ಉಳಿದ ಬಟ್ಟೆ ಕರವಸ್ತ್ರಕ್ಕೂ ಸಾಲದು.

ಅದನ್ನು ನೋಡಿ ದೊಡ್ಡಮ್ಮನ ಮುಖ ಕೆಂಪಾಯಿತು. ಸ್ತೋತ್ರ ಹೊರಡಲಿಲ್ಲ. ಸೀದಾ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆದರೆ ಪ್ರಾರ್ಥನೆಯನ್ನು ಮೆಲ್ಲಗೆ ಮಾಡಿ ಗೊತ್ತಿದ್ದರೆ ತಾನೆ? ಮಾತು ಮಾತೂ ನಮಗೆ ಕೇಳುತ್ತಿತ್ತು.

"ಕರ್ತನೇ, ನನ್ನ ಬಾಯಿಗೆ ಬೀಗ ಹಾಕು. ಈಗ ನಾನೊಂದು ಮಾತಾಡಿದ್ರೆ ಅವಳು ಸಾಯೋವರೆಗೂ ಮರೆಯಲ್ಲ. ನೀನು ನನ್ನನ್ನ ಕ್ಷಮಿಸಿದ ಹಾಗೆ ನಾನೂ ಕ್ಷಮಿಸೋದು ಕಲಿಸು. ಸ್ವಲ್ಪ ಬೇಗ ಕಲಿಸು, ಸಾಯಂಕಾಲ ಆ ಹುಡುಗಿ ತಾಯಿ ಬರ್ತಾಳೆ."

ಆಕೆ ಬಂದಾಗ ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು. ದೊಡ್ಡಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ.

"ತೋಳು ಕತ್ತರಿಸೋದ್ರಲ್ಲಿ ತಪ್ಪಾಗಿದೆ. ಅದೇ ಬಟ್ಟೆ ಹುಡುಕಿ ತರ್ತೀನಿ. ಮದುವೆ ಹೊತ್ತಿಗೆ ಉಡುಪು ಸಿದ್ಧ ಇರುತ್ತೆ."

"ಯಾರ ಕೆಲಸ ಇದು? ಕರೀರಿ ಅವರನ್ನ."

ಮಿಷನ್ನಿನ ಹಿಂದೆ ಅಮ್ಮ ತಲೆ ತಗ್ಗಿಸಿದಳು.

"ಅಂಗಡಿ ನಂದು. ಬೈಯೋದಿದ್ರೆ ನನಗೇ ಬೈದುಬಿಡಿ" ಅಂದಳು ದೊಡ್ಡಮ್ಮ.

ಆಕೆ ಹಿಂದುಮುಂದು ನೋಡದೆ ಬೈದಳು. ಎಂದೂ ಯಾರಿಗೂ ಒಂದು ಮಾತು ಬಾಕಿ ಉಳಿಸಿಕೊಳ್ಳದ ದೊಡ್ಡಮ್ಮ ಕೈಕಟ್ಟಿ ನಿಂತು ಕೇಳಿಸಿಕೊಂಡಳು. ಆ ಹೊತ್ತು ಅವಳು ನನಗೆ ಎಷ್ಟು ಇಷ್ಟವಾದಳೆಂದರೆ, ಚಿಕ್ಕಂದಿನಲ್ಲಿ ನನಗೆ ಕೊಟ್ಟ ಏಟುಗಳನ್ನೆಲ್ಲ ಮನ್ನಾ ಮಾಡಿಬಿಟ್ಟೆ.

ಮರುದಿನ ಬಟ್ಟೆಯಂಗಡಿಗಳನ್ನೆಲ್ಲ ಅಲೆದು ಅದೇ ಬಟ್ಟೆ ತಂದಳು. ಅಷ್ಟರಲ್ಲಿ ಅಮ್ಮ ತನ್ನ ಕತ್ತರಿಯನ್ನು ದೊಡ್ಡಮ್ಮನ ಮಿಷನ್ನಿನ ಮೇಲೆ ತಂದಿಟ್ಟಿದ್ದಳು.

"ಅಕ್ಕಾ, ಇನ್ಮೇಲೆ ನಾನು ಗುಂಡಿ ಹಾಕ್ತೀನಿ, ಅಂಚು ಮಡಿಸ್ತೀನಿ. ಕತ್ತರಿ ಮುಟ್ಟಲ್ಲ."

ದೊಡ್ಡಮ್ಮ ಹೊಸ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಸುಕ್ಕು ಸವರಿ, ಕತ್ತರಿಯನ್ನು ಅಮ್ಮನ ಮುಂದಿಟ್ಟಳು.

"ತೋಳು ನೀನೇ ಕತ್ತರಿಸು."

"ಮತ್ತೆ ಕೆಟ್ಟರೆ?"

"ಕೆಟ್ಟರೆ ಮತ್ತೆ ತರೋಣ. ನಾನು ತಪ್ಪು ಮಾಡಿದಾಗೆಲ್ಲ ಕರ್ತ ನನ್ನ ಕೈಬಿಟ್ಟಿದ್ರೆ ನಾನು ಎಲ್ಲಿರ್ತಿದ್ದೆ ಹೇಳು."

ಅಮ್ಮ ಕಣ್ಣೊರೆಸಿಕೊಂಡು ಕಾಗದದ ಅಚ್ಚನ್ನು ಕೈಗೆತ್ತಿಕೊಂಡಳು. ದೊಡ್ಡಮ್ಮ ತನ್ನ ಕುರ್ಚಿಯನ್ನು ಬಾಗಿಲಿಗೆ ಎಳೆದುಕೊಂಡು ಹೋಗಿ, ಮೇಜಿಗೆ ಬೆನ್ನು ಮಾಡಿ, ಬೀದಿ ನೋಡುತ್ತ ಕೂತಳು. ಕತ್ತರಿ ಬಟ್ಟೆಗೆ ಇಳಿದ ಸದ್ದು ಕೇಳಿಸಿತು, ಆಮೇಲೆ ನಿಂತಿತು. ಒಂದು ತೋಳು ಮುಗಿಸಿದ ಅಮ್ಮ ಕಾಗದದ ಅಚ್ಚನ್ನು ಮಗುಚಿ ಹಾಕಿದಳು. ದೊಡ್ಡಮ್ಮ ತಿರುಗಿ ನೋಡಲಿಲ್ಲ.